ಡಿಸೆಂಬರಿನ ಇಪ್ಪತ್ತು ದಿನ

ಹರ್ಷಿಣಿ ತಂದ ಗ್ರಾಫಿನಲ್ಲಿ ಡಿಸೆಂಬರ್ ಹತ್ತರ ಬೆಳಿಗ್ಗೆ ಗೆರೆ ನಿಂತುಹೋಗಿತ್ತು. ಮೂರು ಬಣ್ಣದ ಮೂರು ಗೆರೆಗಳು, ಮೂರೂ ಒಂದೇ ಜಾಗದಲ್ಲಿ. ಅದರಾಚೆಗೆ ಬರೀ ಚೌಕುಳಿ ಕಾಗದ.

"ಪ್ರಿಂಟರ್ ತಪ್ಪು ಅಂದ್ಕೊಂಡೆ ಮೇಡಂ," ಎಂದಳು ಹರ್ಷಿಣಿ. "ಎರಡು ಸಲ ತೆಗೆದೆ. ಎರಡು ಸಲವೂ ಹೀಗೇ."

ಧಾರಿಣಿ ಕಾಗದವನ್ನು ಮೇಜಿನ ಮೇಲೆ ಹರಡಿ ನೋಡಿದಳು. "ಕಡೇ ಸಲ ನೀನು ಇದನ್ನ ನೋಡಿದ್ದು ಯಾವಾಗ?"

"ಡಿಸೆಂಬರ್ ಮೊದಲ ವಾರ. ಆಮೇಲೆ ದಾವಣಗೆರೆಗೆ ಹೋದೆ, ತಂಗಿ ಮದುವೆ. ಬಂದ ಮೇಲೆ ಗೈಡ್ ಸೆಮಿನಾರ್ ಅಂತ ಹಿಡ್ಕೊಂಡ್ರು. ನೋಡೋದೇನಿದೆ, ತಾನಾಗೇ ಬಂದು ಬೀಳ್ತಿರುತ್ತಲ್ಲ ಅಂತ ಸುಮ್ಮನಿದ್ದೆ."

ತಾನಾಗಿಯೇ ಬಂದು ಬೀಳಬೇಕಾಗಿದ್ದದ್ದು ಗಾಳಿಯ ಧೂಳಿನ ಲೆಕ್ಕ. ದೆಹಲಿಯ ಲಕ್ಷ್ಮೀ ನಗರದ ಒಂದು ಕೋಚಿಂಗ್ ಸೆಂಟರಿನ ತಾರಸಿ, ಸರೋಜಿನಿ ನಗರದ ಒಂದು ಸರ್ಕಾರಿ ಕ್ವಾರ್ಟರ್ಸಿನ ತಾರಸಿ, ಗುಡಗಾಂವಿನ ಒಂದು ಆಫೀಸು ಕಟ್ಟಡದ ತಾರಸಿ. ಈ ಮೂರು ಕಡೆ ಇವರ ಸಂಶೋಧನಾ ಸಂಸ್ಥೆಯವರು ಒಂದೊಂದು ಯಂತ್ರ ಇಟ್ಟಿದ್ದರು. ಅವು ಗಂಟೆಗೊಮ್ಮೆ ಗಾಳಿಯನ್ನು ಎಳೆದುಕೊಂಡು ಅಳೆಯುತ್ತಿದ್ದವು. ಅಳೆದದ್ದನ್ನು ಮೂವತ್ತು ದಿನ ತಮ್ಮ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತಿದ್ದವು. ಮೂವತ್ತೊಂದನೇ ದಿನ ಹಳೆಯದರ ಮೇಲೆ ಹೊಸದನ್ನು ಬರೆಯುತ್ತಿದ್ದವು. ಅಷ್ಟರೊಳಗೆ ತೆಗೆದುಕೊಳ್ಳಬೇಕು. ದಿನವೂ ಬೆಳಿಗ್ಗೆ ಐದೂವರೆಗೆ ಸಂಸ್ಥೆಯ ಸರ್ವರ್ ಒಂದೊಂದು ಯಂತ್ರಕ್ಕೂ ಫೋನ್ ಮಾಡಿ ಹಿಂದಿನ ಇಪ್ಪತ್ತನಾಲ್ಕು ಗಂಟೆಯ ಅಂಕಿಗಳನ್ನು ತರಿಸಿಕೊಳ್ಳುತ್ತಿತ್ತು. ಯಾರೂ ಗುಂಡಿ ಒತ್ತಬೇಕಾಗಿರಲಿಲ್ಲ. ವೇಳೆಗೆ ಸರಿಯಾಗಿ ಕೆಲಸವನ್ನು ಎಬ್ಬಿಸುವ ಟೈಮರುಗಳನ್ನು ಸರ್ವರಿನೊಳಗೆ ಕೂರಿಸಿದ್ದವನು ಯೋಗೀಶ.

ಯೋಗೀಶ ಧಾರಿಣಿಯ ಗಂಡ. ಅಕ್ಟೋಬರಿನಲ್ಲಿ ಡೆಂಗಿ ಜ್ವರ ಬಂದು ಒಂಬತ್ತನೇ ದಿನಕ್ಕೆ ತೀರಿಕೊಂಡಿದ್ದ. ಜನವರಿಯ ಎರಡನೇ ವಾರದಿಂದ ಅವನ ಕುರ್ಚಿಯಲ್ಲಿ ಅವಳು ಕೂರುತ್ತಿದ್ದಳು. ಕಾಂಟ್ರ್ಯಾಕ್ಟು ಜೂನಿನ ತನಕ.

"ಮೊದಲು ಇರೋದನ್ನ ತೆಗೀತೀನಿ," ಎಂದಳು. ಅಂಕಿ ತರಿಸುವ ಸ್ಕ್ರಿಪ್ಟನ್ನು ಕೈಯಾರೆ ಓಡಿಸಿದಳು. ಮೋಡೆಮ್ಮು ಎಂದಿನಂತೆ ಕೀರಲು ದನಿ ತೆಗೆದು ಲಕ್ಷ್ಮೀ ನಗರವನ್ನು ಕರೆಯಿತು, ಆಮೇಲೆ ಉಳಿದೆರಡನ್ನು. ಮುಕ್ಕಾಲು ಗಂಟೆಯಲ್ಲಿ ಮೂರೂ ತಾರಸಿಗಳ ಮೂವತ್ತು ದಿನದ ಅಂಕಿಗಳು ಬಂದು ಬಿದ್ದವು. ಡಿಸೆಂಬರ್ ಮೂವತ್ತರಿಂದ ಇವತ್ತಿನ ತನಕ.

ಹರ್ಷಿಣಿ ತೆರೆಗೆ ಮೂಗು ತಾಗುವಷ್ಟು ಬಾಗಿದ್ದಳು. "ಇದಕ್ಕಿಂತ ಹಿಂದಿನದು?"

"ಇಲ್ಲ."

"ಇಲ್ಲ ಅಂದ್ರೆ, ಬೇರೆ ಎಲ್ಲಾದ್ರೂ ನಕಲು..."

"ಯಂತ್ರ ಅದರ ಮೇಲೇ ಬರ್ಕೊಂಡುಬಿಟ್ಟಿದೆ. ಎಲ್ಲೂ ಇಲ್ಲ."

ಹರ್ಷಿಣಿ ಬೆರಳು ಮಡಿಸುತ್ತ ಎಣಿಸಿದಳು. ಹತ್ತರಿಂದ ಇಪ್ಪತ್ತೊಂಬತ್ತು. ಇಪ್ಪತ್ತು ದಿನ. "ಮಂಜು ಕೂತಿದ್ದೇ ಆವಾಗ ಮೇಡಂ. ಸ್ಕೂಲಿಗೆ ರಜೆ ಕೊಟ್ಟಿದ್ರು, ನೆನಪಿದೆಯಾ? ನನ್ನ ಥೀಸಿಸ್ಸೇ ಆ ದಿನಗಳ ಮೇಲೆ. ಇದು ಮೂರನೇ ಚಳಿಗಾಲ. ಇದೊಂದು ಮುಗಿದಿದ್ರೆ ಬರೆದು ಕೊಟ್ಟು ಊರಿಗೆ ಹೋಗ್ತಿದ್ದೆ. ಇನ್ನು ಬರೋ ಡಿಸೆಂಬರ್ ತನಕ ಇಲ್ಲೇ ಕೊಳೀಬೇಕು."

ಧಾರಿಣಿಗೆ ಮಂಜು ನೆನಪಿರಲಿಲ್ಲ.

"ಯೋಗೀಶ್ ಸರ್ ಮಾಡಿದ್ದು ಇಷ್ಟು ಬೇಗ ಕೈಕೊಡುತ್ತೆ ಅಂತ..." ಎಂದು ಶುರು ಮಾಡಿದ ಹರ್ಷಿಣಿ ನಾಲಿಗೆ ಕಚ್ಚಿಕೊಂಡು ಗ್ರಾಫನ್ನು ಸುರುಳಿ ಸುತ್ತತೊಡಗಿದಳು.

ವಿಷಯ ಆ ಸೋಮವಾರ ಮಧ್ಯಾಹ್ನದೊಳಗೆ ಮೇಲಕ್ಕೆ ಹೋಯಿತು. ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ದಕ್ಷಿಣಾಮೂರ್ತಿ ಮೈಸೂರಿನವರು. ದೆಹಲಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಧಾರಿಣಿಗೆ ಈ ಕೆಲಸ ಕೊಡಿಸಿದವರು ಅವರೇ. ಅವಳು ಕೇಳಿರಲಿಲ್ಲ. ಮಾಡಿದ ಎಂ.ಸಿ.ಎ., ಗುಡಗಾಂವಿನ ಕಂಪನಿಯಲ್ಲಿ ದುಡಿದ ಎರಡು ವರ್ಷ ಎಲ್ಲ ಬರೆದು ಅವರೇ ಅರ್ಜಿ ತಯಾರಿಸಿ, ಸಹಿ ಮಾತ್ರ ಮಾಡಿಸಿಕೊಂಡಿದ್ದರು.

"ಅಚ್ಛಾ, ಕೂತ್ಕೋಮ್ಮ," ಎಂದರು. "ಶುಕ್ರವಾರ ಕಮಿಟಿ ಕೂರುತ್ತೆ. ಎರಡು ಇಲಾಖೆಯವರು ಬರ್ತಾರೆ. ಕಾರಣ ಅನ್ನೋ ಜಾಗದಲ್ಲಿ ಒಂದು ಸಾಲು ಬೇಕು. ನಾನೇ ಬರೆದಿದೀನಿ, ನೋಡಿಬಿಡು."

ಅವಳು ಓದಿದಳು. ದಿವಂಗತ ಶ್ರೀ ಯೋಗೀಶ್ ಅವರು ರಚಿಸಿದ ಪ್ರೋಗ್ರಾಮಿನಲ್ಲಿದ್ದ ದೋಷದಿಂದ ದತ್ತಾಂಶ ನಷ್ಟವಾಗಿದೆ.

"ದೋಷ ಯಾವುದು ಸರ್?"

"ಅದನ್ನ ಅಲ್ಲಿ ಯಾರು ಕೇಳ್ತಾರೆ?"

"ಪ್ರೋಗ್ರಾಂ ಇವತ್ತು ಓಡಿತು. ನಾನೇ ಓಡಿಸಿದೆ."

"ಕೈಯಲ್ಲಿ ಓಡುತ್ತೆ, ತಾನಾಗಿ ಓಡಲ್ಲ. ಅದೂ ದೋಷವೇ ಅಲ್ವಾ?" ಅವರ ದನಿಯಲ್ಲಿ ಗದರಿಕೆಯಿರಲಿಲ್ಲ. "ನೋಡಮ್ಮ, ಇದರಿಂದ ಯಾರ ಕೆಲಸಕ್ಕೂ ಸಂಚಕಾರ ಇಲ್ಲ. ಮಾತು ಮುಗಿಯುತ್ತೆ."

ಧಾರಿಣಿ ಕಾಗದವನ್ನು ಮೇಜಿನ ಮೇಲೆ ಅವರ ಕಡೆಗೆ ತಿರುಗಿಸಿ ಇಟ್ಟಳು. ಮೂರೂವರೆ ತಿಂಗಳಿನಿಂದ ಅವಳಿಗೆ ಏನೂ ಬೇಕೆನಿಸಿರಲಿಲ್ಲ. ಊಟವೂ ಬೇಕೆನಿಸುತ್ತಿರಲಿಲ್ಲ, ಹೊತ್ತಾಯಿತೆಂದು ಉಣ್ಣುತ್ತಿದ್ದಳು. ಈಗ ಒಂದು ಬೇಕಾಯಿತು. ಅದು ತನಗೇ ಆಶ್ಚರ್ಯವಾಗುವಷ್ಟು ಸ್ಪಷ್ಟವಾಗಿತ್ತು.

"ಅವರ ತಪ್ಪಿದ್ದರೆ ಬರೀರಿ ಸರ್. ಹುಡುಕಿ ನಾನೇ ತಂದು ಕೊಡ್ತೀನಿ. ಇಲ್ಲದಿದ್ದರೆ ಅವರ ಹೆಸರು ಬೇಡ."

ದಕ್ಷಿಣಾಮೂರ್ತಿ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಗುರುವಾರ ಸಂಜೆ ತನಕ. ಆಮೇಲೆ ಇದೇ ಹೋಗುತ್ತೆ."

ಕೈಯಿಂದ ಓಡಿಸಿದರೆ ಓಡುವ ಕೆಲಸ ಟೈಮರಿನಿಂದ ಓಡುವುದಿಲ್ಲವೆಂದರೆ ಅದಕ್ಕೆ ಕಾರಣಗಳು ಹತ್ತಾರಿರುತ್ತವೆ. ಧಾರಿಣಿ ಮಂಗಳವಾರವೆಲ್ಲ ಅವುಗಳ ಬೆನ್ನು ಹತ್ತಿದಳು. ಸರ್ವರಿನ ಗಡಿಯಾರ ತಪ್ಪಿದೆಯೇ ನೋಡಿದಳು. ಗೋಡೆಯ ಗಡಿಯಾರಕ್ಕಿಂತ ಅದೇ ಸರಿಯಿತ್ತು. ಟೈಮರುಗಳನ್ನು ನಡೆಸುವ ಸೇವೆಯೇ ಸತ್ತು ಬಿದ್ದಿದೆಯೋ ಎಂದು ನೋಡಿದಳು. ಸತ್ತಿರಲಿಲ್ಲ. ಹಳೆಯ ಕಡತಗಳನ್ನು ವಾರಕ್ಕೊಮ್ಮೆ ಕತ್ತರಿಸಿಡುವ ಕೆಲಸ ಭಾನುವಾರ ತಪ್ಪದೆ ನಡೆದಿತ್ತು. ಅಂದರೆ ಎಬ್ಬಿಸುವವನು ಎಚ್ಚರವಾಗಿದ್ದ, ಬೇರೆಯವರನ್ನು ಎಬ್ಬಿಸುತ್ತಲೂ ಇದ್ದ. ಯೋಗೀಶನ ಕೆಲಸಗಳನ್ನು ಮಾತ್ರ ಎಬ್ಬಿಸುತ್ತಿರಲಿಲ್ಲ.

ಇನ್ನು ಉಳಿದದ್ದು ಯೋಗೀಶ ಬರೆದಿಟ್ಟ ಪಟ್ಟಿ. ಅದನ್ನು ತೆರೆಯುವ ಮೊದಲು ಧಾರಿಣಿ ಎದ್ದು ಹೋಗಿ ನೀರು ಕುಡಿದು ಬಂದಳು.

ಹೊಸಬರು ತಪ್ಪುವುದು ಇಲ್ಲಿಯೇ. ಮನುಷ್ಯ ತಾನೇ ಕೂತು ಓಡಿಸುವಾಗ ಯಂತ್ರಕ್ಕೆ ಅವನ ಮನೆ ಗೊತ್ತು, ಅವನ ಸಾಮಾನು ಎಲ್ಲೆಲ್ಲಿದೆ ಗೊತ್ತು. ಟೈಮರಿಗೆ ಅದೊಂದೂ ಗೊತ್ತಿರುವುದಿಲ್ಲ. ಹೊಸ ಊರಿಗೆ ಬಂದವರಿಗೆ ಹೇಳುವ ಹಾಗೆ ಎಲ್ಲ ದಾರಿಯನ್ನೂ ಮೊದಲಿನಿಂದ ಕೊನೆಯ ತನಕ ಬರೆದಿಡಬೇಕು. ಒಂದು ಕಡೆ ಅರ್ಧ ದಾರಿ ಬರೆದರೆ ಕೆಲಸ ಅಲ್ಲಿಯೇ ಮುಗ್ಗರಿಸುತ್ತದೆ.

ಯೋಗೀಶ ಎಲ್ಲೂ ಅರ್ಧ ದಾರಿ ಬರೆದಿರಲಿಲ್ಲ. ಮೂರು ಸಾಲು, ಮೂರು ತಾರಸಿ. ಫೋನ್ ಲೈನು ಒಂದೇ ಇದ್ದುದರಿಂದ ಒಂದಕ್ಕೊಂದು ಡಿಕ್ಕಿಯಾಗದಂತೆ ಇಪ್ಪತ್ತು ಇಪ್ಪತ್ತು ನಿಮಿಷ ಅಂತರ. ಒಂದೊಂದು ಸಾಲಿನ ಮೇಲೂ ಟಿಪ್ಪಣಿ ಇತ್ತು. 'ಲಕ್ಷ್ಮೀ ನಗರ ಮೊದಲು, ಆರಕ್ಕೆ ಅಲ್ಲಿ ಕರೆಂಟ್ ಹೋಗುತ್ತದೆ.' 'ಸರೋಜಿನಿ ನಗರ, ಉತ್ತರ ಕೊಡದಿದ್ದರೆ ಮೂರು ಸಲ ಕರೆ, ಕೋತಿಗಳು ವೈರ್ ಎಳೆಯುತ್ತವೆ.' ಗುಡಗಾಂವಿನ ಮೇಲೆ ಏನೂ ಬರೆದಿರಲಿಲ್ಲ. ಅಲ್ಲಿ ಜನರೇಟರ್ ಇತ್ತು.

ಗುಡಗಾಂವಿನ ಕಂಪನಿಯಲ್ಲಿ ಅವಳಿದ್ದಾಗ ಯೋಗೀಶ ರೇಗಿಸುತ್ತಿದ್ದ. "ನೀನಪ್ಪ ಸಾಫ್ಟ್‌ವೇರ್ ದೊರೆಸಾನಿ, ಕ್ಯಾಬಿನಲ್ಲಿ ಹೋಗ್ತೀಯ, ಕ್ಯಾಬಿನಲ್ಲಿ ಬರ್ತೀಯ. ನಾನು ಸರ್ಕಾರಿ ಗಡಿಯಾರಕ್ಕೆ ಕೀಲಿ ಕೊಡೋನು." ಅವಳು, "ಕೀಲಿ ಕೊಡೋನಿಗೆ ಬಸ್ ಪಾಸಾದ್ರೂ ಕೊಟ್ಟಿದಾರಲ್ಲ, ಪುಣ್ಯ" ಎನ್ನುತ್ತಿದ್ದಳು.

ಅವಳು ಮೂರು ಸಾಲುಗಳನ್ನೂ ಅಕ್ಷರ ಅಕ್ಷರವಾಗಿ ಮೂರು ಸಲ ಓದಿದಳು. ತಪ್ಪಿರಲಿಲ್ಲ. ಸಮಾಧಾನವೂ ಆಗಲಿಲ್ಲ. ತಪ್ಪು ಸಿಗದ ತನಕ ಅದು ಅವನದಲ್ಲವೆಂದು ಹೇಳುವ ಹಾಗಿರಲಿಲ್ಲ.

ಬುಧವಾರ ಬೆಳಿಗ್ಗೆ ಲಕ್ಷ್ಮೀ ನಗರದ ಮನೆಯಿಂದ ಹೊರಟು ಬಸ್ಸು ಹತ್ತಿದಳು. ವಿಕಾಸ ಮಾರ್ಗದ ನಡುವೆ ಮೆಟ್ರೋ ಕಂಬಗಳು ಎದ್ದು, ರಸ್ತೆ ಎರಡೂ ಕಡೆ ಕಿರಿದಾಗಿ, ಬಸ್ಸು ತೆವಳುತ್ತಿತ್ತು. ಕಿಟಕಿಯ ಹೊರಗೆ ಎಲ್ಲವೂ ಬೂದು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದು ಕೆಮ್ಮುತ್ತಿದ್ದಳು. ತಾರಸಿಯ ಮೇಲಿನ ಯಂತ್ರ ಈ ಗಂಟೆಯ ಗಾಳಿಯನ್ನೂ ಎಳೆದು ಎಣಿಸುತ್ತಿರಬೇಕು ಎಂದು ಧಾರಿಣಿಗೆ ಅನಿಸಿತು. ಈ ಊರಿಗೆ ಬಂದು ಐದು ವರ್ಷದಲ್ಲಿ ಯೋಗೀಶನ ಕೆಲಸ ಏನೆಂದು ಅವಳು ಯೋಚಿಸಿದ್ದು ಇದೇ ಮೊದಲು.

ಆಫೀಸಿನಲ್ಲಿ ನೋಡಿದರೆ ಆ ಬೆಳಿಗ್ಗೆಯೂ ಐದೂವರೆಗೆ ಏನೂ ನಡೆದಿರಲಿಲ್ಲ.

ಅವಳು ಬೇರೆ ದಾರಿ ಹಿಡಿದಳು. ಒಂದು ಸಾಲಿನ ಚಿಕ್ಕ ಕೆಲಸ ಬರೆದಳು. ನಿಮಿಷಕ್ಕೊಮ್ಮೆ ಎದ್ದು, ಆಗಿನ ಹೊತ್ತನ್ನು ಒಂದು ಕಡತದಲ್ಲಿ ಬರೆದು ಮತ್ತೆ ಮಲಗುವುದು, ಅಷ್ಟೇ. ತಪ್ಪು ಮಾಡಲು ಅದರಲ್ಲಿ ಜಾಗವೇ ಇರಲಿಲ್ಲ. ಅದನ್ನು ತನ್ನ ಅಕೌಂಟಿನ ಪಟ್ಟಿಯಲ್ಲಿ ಸೇರಿಸಿದಳು. ಅದನ್ನೇ ಯೋಗೀಶನ ಅಕೌಂಟಿನ ಪಟ್ಟಿಯಲ್ಲೂ ಸೇರಿಸಿದಳು. ಆಮೇಲೆ ಕೈಕಟ್ಟಿ ಕೂತಳು.

ಹರ್ಷಿಣಿ ಒಳಗೆ ಬಂದು ಸ್ಟೂಲು ಎಳೆದುಕೊಂಡಳು. "ಏನ್ ನೋಡ್ತಿದೀರ ಮೇಡಂ?"

"ಐದು ನಿಮಿಷ ಆಗೋದನ್ನ."

"ಗೈಡ್ ಹೇಳಿದ್ರು, ಆ ಇಪ್ಪತ್ತು ದಿನಕ್ಕೆ ಹೋದ ವರ್ಷದ ಸರಾಸರಿ ಹಾಕಿ ತುಂಬಿಬಿಡು ಅಂತ."

"ನೀನೇನಂದೆ?"

"ಚಲೋ ಸರ್, ಹಂಗಾದ್ರೆ ಬರೋ ವರ್ಷದ್ದೂ ಈಗಲೇ ಬರೆದುಬಿಡ್ತೀನಿ, ಡಿಗ್ರಿ ಎರಡು ಕೊಡ್ತೀರಾ ಅಂದೆ. ಕೋಪ ಮಾಡ್ಕೊಂಡಿದಾರೆ."

ಐದು ನಿಮಿಷವಾಯಿತು. ಧಾರಿಣಿಯ ಕಡತದಲ್ಲಿ ಐದು ಸಾಲುಗಳಿದ್ದವು, ಹನ್ನೊಂದು ಗಂಟೆ ನಾಲ್ಕು ನಿಮಿಷದಿಂದ ಎಂಟು ನಿಮಿಷದ ತನಕ. ಯೋಗೀಶನ ಕಡತವನ್ನು ತೆರೆಯಹೋದಳು. ಅಂಥ ಕಡತವೇ ಇಲ್ಲ ಎಂದು ಯಂತ್ರ ಹೇಳಿತು.

"ಅಂದ್ರೆ?" ಎಂದಳು ಹರ್ಷಿಣಿ.

"ಕೆಲಸದ ತಪ್ಪಲ್ಲ. ಅವರು ಏನೇ ಬರೆದಿದ್ದರೂ ಓಡ್ತಿರಲಿಲ್ಲ. ಅವರ ಹೆಸರಿನಲ್ಲಿ ಯಾವುದೂ ಓಡ್ತಿಲ್ಲ."

ಅಲ್ಲಿಂದ ಮುಂದೆ ಎಲ್ಲಿ ನೋಡಬೇಕೆಂದು ಗೊತ್ತಾಯಿತು. ಟೈಮರುಗಳ ದಿನಚರಿಯನ್ನು ಅವಳು ಸೋಮವಾರವೇ ನೋಡಿದ್ದಳು, ಅದರಲ್ಲಿ ಏನೂ ಇರಲಿಲ್ಲ. ಕೆಲಸ ಶುರುವಾಗಿ ಸೋತರೆ ಯೋಗೀಶನಿಗೆ ಒಂದು ಮೇಲ್ ಹೋಗುವ ಏರ್ಪಾಡಿತ್ತು. ಶುರುವೇ ಆಗದಿದ್ದರೆ ಸೋತಂತೆಯೂ ಅಲ್ಲ, ಮೇಲೂ ಇಲ್ಲ. ಆದರೆ ಸರ್ವರಿನಲ್ಲಿ ಇನ್ನೊಂದು ದಿನಚರಿಯಿತ್ತು. ಯಾರು ಒಳಗೆ ಬಂದರು, ಯಾರನ್ನು ಬಾಗಿಲಲ್ಲೇ ತಡೆಯಲಾಯಿತು ಎಂದು ಬರೆದಿಡುವುದು. ಟೈಮರಿನ ತೊಂದರೆಗೆ ಅದನ್ನು ಯಾರೂ ತೆರೆಯುವುದಿಲ್ಲ. ತೆರೆದರೆ, ಡಿಸೆಂಬರ್ ಹನ್ನೊಂದರ ಬೆಳಿಗ್ಗೆ ಐದೂವರೆಯಿಂದ ಒಂದೇ ಮಾತು. ಯೋಗೀಶನ ಅಕೌಂಟಿನ ಅವಧಿ ಮುಗಿದಿದೆ. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಅದೇ. ಮತ್ತೆ ಇಪ್ಪತ್ತು ನಿಮಿಷ ಬಿಟ್ಟು ಅದೇ. ಮಾರನೆಯ ದಿನ ಮೂರು ಸಲ. ಅದರ ಮಾರನೆಯ ದಿನ ಮೂರು ಸಲ. ಈಗಿನ ಐದು ನಿಮಿಷದ ಐದು ಸಾಲುಗಳೂ ಕೊನೆಯಲ್ಲಿದ್ದವು.

ದಿನವೂ ಟೈಮರು ಹೊತ್ತಿಗೆ ಸರಿಯಾಗಿ ಅವನನ್ನು ಕರೆದಿತ್ತು. ಬಾಗಿಲಲ್ಲಿ ಇದ್ದವರು ಅವನಿಗೆ ಪ್ರವೇಶವಿಲ್ಲ ಎಂದಿದ್ದರು.

"ಹಂಗಾದ್ರೆ ಯೋಗೀಶ್ ಸರ್ ತಪ್ಪಿಲ್ಲ," ಎಂದಳು ಹರ್ಷಿಣಿ ನಿಧಾನವಾಗಿ. "ಯಾರೋ ಮುಚ್ಚಿದಾರೆ."

"ಹೌದು."

"ಯಾರು ಮೇಡಂ?"

ಸಿಬ್ಬಂದಿ ವಿಭಾಗ ಕೆಳಗಿನ ಮಹಡಿಯಲ್ಲಿತ್ತು. ಅಲ್ಲಿನ ಓಂವತಿ ಮೀರತ್ ಕಡೆಯ ಹೆಂಗಸು, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಸ್ವೆಟರ್ ಹೆಣೆಯುತ್ತ ಕೂತಿದ್ದವಳು ಧಾರಿಣಿಯನ್ನು ಕಂಡು ಸೂಜಿಗಳನ್ನು ಡ್ರಾಯರಿಗೆ ಹಾಕಿದಳು. "ಆವೋ ಬೇಟಾ. ಚಾಯ್ ಕುಡೀತೀಯಾ?" ಎಂದು ತನ್ನ ಹಿಂದಿಯಲ್ಲಿ ಕೇಳಿದಳು.

ಚಹಾ ಬೇಡವೆಂದು, ಯೋಗೀಶನ ಫೈಲು ಬೇಕೆಂದಳು ಧಾರಿಣಿ. ಓಂವತಿ ಅವಳ ಮುಖವನ್ನೊಮ್ಮೆ ನೋಡಿ, ಕಪಾಟಿನಿಂದ ತೆಗೆದು ಕೊಟ್ಟಳು.

ಮೇಲಿನಿಂದ ನಾಲ್ಕನೇ ಹಾಳೆ ಬಿಡುಗಡೆಯ ಫಾರಂ. ಸಂಸ್ಥೆ ಬಿಟ್ಟು ಹೋಗುವ ನೌಕರ ಇದನ್ನು ಹಿಡಿದು ಮೇಜಿನಿಂದ ಮೇಜಿಗೆ ಹೋಗಬೇಕು. ಲೈಬ್ರರಿ, ಸ್ಟೋರು, ಕ್ಯಾಂಟೀನು, ಗೇಟಿನ ಪಾಸು, ಕಂಪ್ಯೂಟರ್ ವಿಭಾಗ. ಒಬ್ಬೊಬ್ಬರೂ ಸಹಿ ಹಾಕಬೇಕು. ಎಲ್ಲ ಸಹಿಗಳೂ ಬೀಳದೆ ಫೈಲು ಮುಚ್ಚುವುದಿಲ್ಲ. ನೌಕರ ತೀರಿಕೊಂಡಿದ್ದರೆ ಮನೆಯವರು ಹೋಗಬೇಕು. ಡಿಸೆಂಬರ್ ಹತ್ತರಂದು ಧಾರಿಣಿಯೇ ಹೋಗಿದ್ದಳು.

ಅಂದು ಈ ಮೇಜಿನ ಎದುರೇ ನಿಂತಿದ್ದಳು. ಹದಿನಾಲ್ಕು ಅಂಕಣಗಳನ್ನು ತುಂಬಬೇಕಾಗಿತ್ತು. ಪೆನ್ನು ಹಿಡಿದು ಅವಳು ಸುಮ್ಮನೆ ನಿಂತುಬಿಟ್ಟಾಗ ಓಂವತಿ ಬೆನ್ನು ಸವರಿ, "ಸಬ್ ಮೇ ನಿಲ್ ಲಿಖ್ ದೋ ಬೇಟಾ," ಎಂದಿದ್ದಳು. ಎಲ್ಲದಕ್ಕೂ ನಿಲ್, ಏನೂ ಇಲ್ಲ ಅಂತ ಬರೆದುಬಿಡು, ಎಲ್ಲರೂ ಹಾಗೇ ಬರೆಯುವುದು, ಇಲ್ಲದಿದ್ದರೆ ಫೈಲು ತಿಂಗಳುಗಟ್ಟಲೆ ಸುತ್ತುತ್ತದೆ, ನೀನೂ ಅದರ ಹಿಂದೆ ಸುತ್ತಬೇಕಾಗುತ್ತದೆ. ಓಂವತಿ ಇಪ್ಪತ್ತೈದು ವರ್ಷದಿಂದ ವಿಧವೆಯರಿಗೆ ಹೇಳಿಕೊಂಡು ಬಂದದ್ದು ಅದನ್ನೇ. ಧಾರಿಣಿ ಹದಿನಾಲ್ಕು ಸಲ ನಿಲ್ ಎಂದು ಬರೆದಿದ್ದಳು.

ಒಂಬತ್ತನೇ ಅಂಕಣ: ನೌಕರರ ಹೆಸರಿನಲ್ಲಿ ಕಂಪ್ಯೂಟರಿನಲ್ಲಿ ಇನ್ನೂ ನಡೆಯುತ್ತಿರುವ ಕೆಲಸಗಳು. ಅದರ ಮುಂದೆ ಅವಳದೇ ಅಕ್ಷರದಲ್ಲಿ, ನಿಲ್. ಅದರ ಕೆಳಗೆ ದಕ್ಷಿಣಾಮೂರ್ತಿಯ ಸಹಿ. ಸಹಿಯ ಪಕ್ಕದಲ್ಲಿ, ಅಕೌಂಟ್ ಇಂದಿನಿಂದ ಮುಚ್ಚಲಾಗಿದೆ.

"ಏನಾಯಿತು?" ಎಂದಳು ಓಂವತಿ.

"ಏನಿಲ್ಲ. ಇದರ ಒಂದು ಫೋಟೋಕಾಪಿ ಬೇಕು."

ಗುರುವಾರ ಮಧ್ಯಾಹ್ನ ಅವಳು ಆ ಪ್ರತಿಯನ್ನು ದಕ್ಷಿಣಾಮೂರ್ತಿಯ ಮುಂದೆ ಇಟ್ಟಳು. ಅವರು ಒಂಬತ್ತನೇ ಅಂಕಣವನ್ನು ಬಹಳ ಹೊತ್ತು ನೋಡಿದರು. ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಅವನು ಏನೇನು ಓಡಿಸ್ತಿದ್ದ ಅಂತ ನನಗೆ ಗೊತ್ತಿತ್ತು," ಎಂದರು. "ಇಲ್ಲಿ ನಿಲ್ ಅಂತ ಇರೋದನ್ನ ನೋಡಿದಾಗ ಕೇಳಬೇಕು ಅನ್ನಿಸಿತು. ನೀನು ಎದುರಿಗೆ ನಿಂತಿದ್ದೆ. ಬಾಯಿ ಬರಲಿಲ್ಲ. ಆಮೇಲೆ ನೋಡಿದರಾಯಿತು ಅಂತ ಸಹಿ ಹಾಕಿಬಿಟ್ಟೆ. ಆಮೇಲೆ ಮರೆತೇಹೋಯ್ತು."

ಧಾರಿಣಿ ಎದುರಿನ ಕುರ್ಚಿಯಲ್ಲಿ ಕೂತಳು.

"ಈಗ ಇದನ್ನ ಕಮಿಟಿ ಮುಂದೆ ಇಟ್ಟರೆ ಏನಾಗುತ್ತೆ ಹೇಳು. ನನ್ನದೊಂದು ಸಹಿ, ನಿನ್ನದೊಂದು ಅಕ್ಷರ. ನನಗೇನು, ನಾಲ್ಕು ಮಾತು ಬರೆದು ಫೈಲಿಗೆ ಹಾಕ್ತಾರೆ. ನಿನ್ನ ಕಾಂಟ್ರ್ಯಾಕ್ಟು ಜೂನಲ್ಲಿ ರಿನ್ಯೂ ಆಗಬೇಕು. ಅದನ್ನ ನೋಡೋದೂ ಇದೇ ಕಮಿಟಿ."

"ಗೊತ್ತು ಸರ್."

"ಅವನು ಇದ್ದಿದ್ದರೆ ಏನಂತಿದ್ದ ಗೊತ್ತಾ? ನನ್ನ ಹೆಸರೇ ಬರೆದುಬಿಡಿ ಸಾರ್, ನನ್ನ ಹೆಂಡ್ತೀನ ಯಾಕೆ ಎಳೀತೀರ ಅಂತಿದ್ದ. ಅಂತಿದ್ದನೋ ಇಲ್ಲವೋ?"

"ಅಂತಿದ್ದರು."

"ಮತ್ತೆ?"

"ಅವರು ಹೇಳಿದ್ದಿದ್ದರೆ ಬೇರೆ. ಅವರು ಹೇಳಿದ ಹಾಗೆ ನಾವೇ ಬರ್ಕೊಳ್ಳೋದು ಬೇರೆ."

ದಕ್ಷಿಣಾಮೂರ್ತಿ ತಮ್ಮ ಹಳೆಯ ಸಾಲಿದ್ದ ಕಾಗದವನ್ನು ಫೈಲಿನಿಂದ ತೆಗೆದರು. ಅದನ್ನು ಹರಿಯಲಿಲ್ಲ. ಮಡಿಸಿ ಜೇಬಿಗೆ ಇಟ್ಟುಕೊಂಡರು. "ನಿನ್ನಿಷ್ಟ," ಎಂದರು. ಅವಳು ಬಾಗಿಲ ತನಕ ಹೋದಾಗ ಮತ್ತೆ ಹೇಳಿದರು, "ನನ್ನ ಸಹಿಯನ್ನ ಬಿಟ್ಟು ಬರೀಬೇಡ. ಅದನ್ನೂ ಬರಿ."

ಶುಕ್ರವಾರದ ಕಮಿಟಿ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಧಾರಿಣಿಯ ವರದಿ ಏಳು ವಾಕ್ಯದ್ದು. ಪ್ರೋಗ್ರಾಮಿನಲ್ಲಿ ದೋಷವಿರಲಿಲ್ಲ. ಟೈಮರುಗಳಲ್ಲಿಯೂ ಇರಲಿಲ್ಲ. ಅವು ಯಾವ ಅಕೌಂಟಿನಲ್ಲಿ ಓಡುತ್ತಿದ್ದವೋ ಆ ಅಕೌಂಟನ್ನು ಡಿಸೆಂಬರ್ ಹತ್ತರಂದು ಮುಚ್ಚಲಾಯಿತು. ಮುಚ್ಚುವಾಗ, ನಡೆಯುತ್ತಿರುವ ಕೆಲಸ ಯಾವುದೂ ಇಲ್ಲವೆಂದು ಬರೆದುಕೊಟ್ಟವಳು ನಾನು. ಅದನ್ನು ಪರಿಶೀಲಿಸದೆ ವಿಭಾಗ ಸಹಿ ಮಾಡಿತು. ಒಬ್ಬ ವ್ಯಕ್ತಿಯ ಅಕೌಂಟಿನಲ್ಲಿ ಸಂಸ್ಥೆಯ ಟೈಮರುಗಳನ್ನು ಇಡಬಾರದು. ಫಾರಮ್ಮಿನ ಪ್ರತಿ ಲಗತ್ತಿಸಿದೆ.

ಹೊರಗಿನ ಇಲಾಖೆಯಿಂದ ಬಂದಿದ್ದ ಅಧ್ಯಕ್ಷರು ಪ್ರತಿಯನ್ನು ದೂರ ಹಿಡಿದು ಓದಿದರು. ದಕ್ಷಿಣಾಮೂರ್ತಿ ಎದ್ದು, "ಸಹಿ ನನ್ನದು," ಎಂದರು.

"ಕೂತ್ಕೊಳ್ಳಿ ಮೂರ್ತಿ ಸಾಬ್," ಎಂದರು ಅಧ್ಯಕ್ಷರು ಇಂಗ್ಲಿಷಿನಲ್ಲಿ. "ಸಹಿ ಹಾಕೋದು ಪದ್ಧತಿ. ಮನೆಯವರು ಬರೆದುಕೊಟ್ಟ ಮೇಲೆ ವಿಭಾಗ ಇನ್ನೇನು ಮಾಡೋಕಾಗುತ್ತೆ?" ಪಕ್ಕದಲ್ಲಿದ್ದವರು ತಲೆಯಾಡಿಸಿದರು. ಯಾರೋ ಬಿಸ್ಕತ್ತಿನ ತಟ್ಟೆಯನ್ನು ಮುಂದೆ ಸರಿಸಿದರು.

ಹರ್ಷಿಣಿ ಹೊರಗೆ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದಳು. ಧಾರಿಣಿ ಅವಳಿಗೆ ಎಲ್ಲವನ್ನೂ ಹೇಳಿದಳು. ಹೇಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಹರ್ಷಿಣಿ ಮಫ್ಲರಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು. ಕೊನೆಗೆ, "ಓದದೇ ಬರೆದ್ರಾ ಮೇಡಂ?" ಎಂದು ಕೇಳಿದಳು. "ಅಷ್ಟೊಂದು ಅಂಕಣ ಇತ್ತಲ್ಲ. ಓದದೇ ಬರೆದಿರಬಹುದು."

ಹೌದು ಎಂದರೆ ಸಾಕಾಗುತ್ತಿತ್ತು. ಆ ಹುಡುಗಿ ಅದನ್ನೇ ಕೈಯಲ್ಲಿ ಹಿಡಿದು ಕೊಡುತ್ತಿದ್ದಳು.

"ಓದಿದೆ," ಎಂದಳು ಧಾರಿಣಿ. "ಒಂಬತ್ತನ್ನೂ ಓದಿದೆ. ಇನ್ನೂ ನಡೀತಿರೋ ಕೆಲಸ ಅಂತ ಇತ್ತು. ಏನೂ ನಡೀತಿಲ್ಲ ಅಂತಲೇ ಅನಿಸಿತ್ತು ನನಗೆ. ಯಾವುದೂ."

ಹರ್ಷಿಣಿ ಮುಖವನ್ನು ಗೇಟಿನ ಕಡೆ ತಿರುಗಿಸಿದಳು. ಗೇಟಿನ ಹತ್ತಿರ ಆಟೋದವನೊಬ್ಬ ಗಾಡಿಯನ್ನು ಮತ್ತೆ ಮತ್ತೆ ಚಾಲೂ ಮಾಡುತ್ತಿದ್ದ, ಅದು ಮತ್ತೆ ಮತ್ತೆ ಆರುತ್ತಿತ್ತು.

"ನಂಗೆ ಸಿಟ್ಟು ಬರ್ತಿದೆ," ಎಂದಳು. "ಬರಬಾರದು ಅಂತ ಗೊತ್ತು. ಬರ್ತಿದೆ. ಒಂದು ವರ್ಷ ಮೇಡಂ."

"ಬರಲಿ."

"ನೀವು ಹಿಂಗೆ ಅಂದ್ರೆ ನಾನು ಏನ್ ಮಾಡ್ಲಿ." ಅವಳು ಎದ್ದು ಬೆನ್ನಿನ ಧೂಳು ಕೊಡವಿಕೊಂಡು, ಬರುತ್ತೇನೆ ಎಂದೂ ಹೇಳದೆ ಗೇಟಿನ ಕಡೆಗೆ ಹೋದಳು. ಆಟೋದವನ ಹತ್ತಿರ ನಿಂತು, "ಭಯ್ಯಾ, ಚಲೇಗಾ ಕಿ ನಹೀ?" ಎಂದು, ಗಾಡಿ ಹೊರಡುತ್ತದೋ ಇಲ್ಲವೋ ಎಂದು, ಗದರುವುದು ಕೇಳಿಸಿತು.

ಧಾರಿಣಿ ಒಳಗೆ ಹೋಗಿ, ಯಾವ ಮನುಷ್ಯನದೂ ಅಲ್ಲದ ಒಂದು ಅಕೌಂಟನ್ನು ಸರ್ವರಿನಲ್ಲಿ ತೆರೆದಳು. ಅವಧಿ ಮುಗಿಯುವ ದಿನಾಂಕವನ್ನು ಖಾಲಿ ಬಿಟ್ಟಳು. ಯೋಗೀಶನ ಮೂರು ಸಾಲುಗಳನ್ನೂ ಟಿಪ್ಪಣಿಗಳ ಸಮೇತ ಅಲ್ಲಿಗೆ ಸಾಗಿಸಿದಳು. ಆರಕ್ಕೆ ಕರೆಂಟ್ ಹೋಗುವುದು, ಕೋತಿಗಳು ವೈರ್ ಎಳೆಯುವುದು ಎಲ್ಲ ಹಾಗೆಯೇ ಉಳಿಯಿತು. ಬೆಳಿಗ್ಗೆ ಆರೂವರೆಯೊಳಗೆ ಅಂಕಿಗಳು ಬರದಿದ್ದರೆ ಹರ್ಷಿಣಿಗೂ ತನಗೂ ಮೇಲ್ ಹೋಗುವಂತೆ ನಾಲ್ಕನೆಯ ಸಾಲೊಂದನ್ನು ಸೇರಿಸಿದಳು. ಶನಿವಾರ ಮೂರೂ ಓಡಿದವು. ಭಾನುವಾರವೂ ಓಡಿದವು.

ಮುಂದಿನ ಬುಧವಾರ ಓಂವತಿ ಕಮಿಟಿಯ ನಡಾವಳಿಯನ್ನು ತಾನೇ ಮೇಲಕ್ಕೆ ತಂದುಕೊಟ್ಟಳು. ಪ್ಯೂನನ ಕೈಯಲ್ಲಿ ಕಳಿಸಬಹುದಿತ್ತು, ಕಳಿಸಿರಲಿಲ್ಲ. ಮಂಡಿ ನೋವಿಗೆ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು. ಸಹಿ ಮಾಡಬೇಕಾದ ಜಾಗವನ್ನು ಬೆರಳಿನಿಂದ ತೋರಿಸಿದಳು.

ಒಂದೂವರೆ ಪುಟವಿತ್ತು. ಧಾರಿಣಿ ನಿಧಾನವಾಗಿ ಓದಿದಳು. ಕಾರಣ: ಕುಟುಂಬದ ಸದಸ್ಯೆ ಶ್ರೀಮತಿ ಧಾರಿಣಿ ನೀಡಿದ ತಪ್ಪು ಹೇಳಿಕೆ. ಕ್ರಮ: ಸದರಿಯವರ ಗುತ್ತಿಗೆಯನ್ನು ವಿಸ್ತರಿಸುವ ಹಂತದಲ್ಲಿ ಇದನ್ನು ಗಮನಿಸತಕ್ಕದ್ದು. ಟೈಮರುಗಳ ಬಗ್ಗೆ ಒಂದು ಸಾಲಿತ್ತು. ಅವು ಈ ಮೊದಲು ಮಾಜಿ ನೌಕರರೊಬ್ಬರ ಅಕೌಂಟಿನಲ್ಲಿದ್ದವು, ಈಗ ಸರಿಪಡಿಸಲಾಗಿದೆ.

ಅವಳು ಮತ್ತೆ ಮೊದಲಿನಿಂದ ಓದಿದಳು. ಯೋಗೀಶನ ಹೆಸರು ಎಲ್ಲೂ ಇರಲಿಲ್ಲ. ಟೈಮರುಗಳನ್ನು ಸರ್ವರಿನಲ್ಲಿ ಕೂರಿಸಿದವನು, ದಾರಿಗಳನ್ನೆಲ್ಲ ಪೂರ್ತಿ ಬರೆದವನು, ಇಪ್ಪತ್ತು ನಿಮಿಷದ ಅಂತರ ಕೊಟ್ಟವನು, ಯಾರೂ ಇರಲಿಲ್ಲ. ಮಾಜಿ ನೌಕರರೊಬ್ಬರು. ಅವರ ಹೆಸರು ಬೇಡ ಎಂದು ಅವಳೇ ಕೇಳಿದ್ದಳು.

"ಬೇಟಾ," ಎಂದಳು ಓಂವತಿ, "ಬೇಕಾದರೆ ನಾಳೆ ಮಾಡು."

"ಬೇಡ, ಈಗಲೇ," ಎಂದು ಧಾರಿಣಿ ಪೆನ್ನಿನ ಮುಚ್ಚಳ ತೆಗೆದು, ತೋರಿಸಿದ ಜಾಗದಲ್ಲಿ ಹೆಸರು ಬರೆದು, ಅದರ ಕೆಳಗೆ ಅಂದಿನ ತಾರೀಖು ಹಾಕಿದಳು.